ಸೀರ್ಹಣಿಗಿ

ಮೂರನೇ ಸಲ ಬಂತು ಸಾಲಿಯಿಂದ ಮಾತು.
ಡೈರ್ಯಾಗ ಕೆಂಪು ಶಾಯಿ: ತಲೆ ಸ್ವಚ್ಛ ಮಾಡಿ ಕಳುಹಿಸಿರಿ.
ಸಿಂಚನಾ ಡೈರಿ ಕೊಟ್ಟು ಬಾಗಿಲ ಮರೀಗೆ ನಿಂತಳು,
ತುರಸ್ಕೋಬಾರದಂತ ಎರಡೂ ಕೈ ಹಿಂದ ಕಟ್ಟಿ.

ಏನ ಹಚ್ಚಿಲ್ಲ ಹೇಳ್ರಿ ಇದರ ತಲಿಗೆ.
ಬೇವಿನೆಣ್ಣಿ ಹಚ್ಚಿದೆ, ದಿಂಬಿಗೆ ಹಳದಿ ಕಲಿ ಬಿತ್ತು.
ಕೊಬ್ಬರೆಣ್ಣ್ಯಾಗ ಕರ್ಪೂರ ಕರಗಿಸಿ ಹಚ್ಚಿದೆ,
ಮನಿ ತುಂಬ ಗುಡಿ ವಾಸನಿ, ಹೇನಿಗೆ ಮಂಗಳಾರತಿ.
ಸೀತಾಫಲದ ಬೀಜ ಅರದು ಹಚ್ಚಂದ್ಲು ಅತ್ತಿ;
ಕಣ್ಣಾಗ ಬಿದ್ದರ ಕಣ್ಣ ಹೋಗತಾವಂತ ಬೈದು
ಮಗ್ಗಲ ಮನಿ ಆಶಾ ಕಾರ್ಯಕರ್ತಿ ಬಟ್ಟಲಾನ ಕಸಗೊಂಡು ಹೋದ್ಲು.
ಕಡೀಕ ಬೆಟಗೇರಿಯಿಂದ ಗದಗಿನ ತನಕ ನಡದು
ಔಷಧ ಅಂಗಡ್ಯಾಗ ತೊಂಬತ್ತು ರೂಪಾಯಿ ಬಾಟ್ಲಿ.
ಅಂಗಡಿ ಹುಡುಗ ಹೇಳಿದ: ಒಂಬತ್ತು ದಿನಕ್ಕ ಮತ್ತೊಮ್ಮೆ ಹಚ್ರಿ,
ಅಷ್ಟೊತ್ತಿಗೆ ಸೀರು ಒಡದು ಮರಿ ಬೀಳತಾವ,
ಮತ್ತ ಮನ್ಯಾಗಿನವರೆಲ್ಲಾರೂ...
ಮುಂದಿಂದು ನನಗ ಕೇಳಸಲಿಲ್ಲ.
ಒಂದ ಬಾಟ್ಲಿಗೆ ಆಗೂವಷ್ಟ ರೊಕ್ಕ ಇತ್ತು ಕೈಯಾಗ.

ಆಯ್ತವಾರಕ್ಕೊಮ್ಮೆ ಕಟ್ಟಿ ಬುಡಕ ಬಿಸಿಲಿಗೆ ಕುಂಡ್ರಸತಿದ್ದೆ.
ಮಗ್ಗದ ಹಣಿಗ್ಯಾಗ ಎಳಿ ಪೋಣಿಸಿದ ಕಣ್ಣಿವು,
ಲೈಟ ಹೋದಾಗೂ ಕಡದ ಎಳಿ ಹುಡುಕಿ ಗಂಟ ಹಾಕಿದ ಬೆರಳಿವು,
ಇವಕ್ಕ ತಪ್ಪಿಸಿಕೊಂಡು ಎಲ್ಲಿ ಹೋಗತೈತಿ ಹೇನು?
ಕೂದಲ ಪಾಲು ಮಾಡಿ, ಕಿವಿ ಹಿಂದ, ಕುತ್ತಿಗಿ ಬುಡಕ,
ಹಾಳಿ ಮ್ಯಾಲೆ ಸೀರ್ಹಣಿಗಿ ಜಾಡಿಸಿ
ಉಗರಿನಾಗ ಚಿಟ್, ಚಿಟ್.
"ಅವ್ವಾ, ನೋವಾಗತೈತಿ."
"ಸುಮ್ಮ ಕುಂಡ್ರು."
ಹನ್ನೆರಡು ದಿನ ಸ್ವಚ್ಛ. ಹದಿಮೂರನೇ ದಿನ ಮತ್ತ ತುರಿಕಿ.

ಯಾರಿಂದ ಬರತಾವ ಅನ್ನೂದು ನನಗ ಗೊತ್ತಿತ್ತು.
ಗೊತ್ತೈತಿ ಅಂತ ತಿಳಕೊಂಡಿದ್ದೆ.
ಆ ಹುಲಿಗೆಮ್ಮ, ಇದರ ಮಗ್ಗಲ ಕೂಡೂದು,
ಗುಜರಿ ಅಂಗಡಿ ಹಿಂದಿನ ಶೆಡ್ಡಿನಾಗ ಇರೂದು,
ಎಣ್ಣಿ ಕಾಣದ ಕೆಂಚ ಕೂದಲ, ಒಂದ ಜಡಿಗಷ್ಟ ರಿಬ್ಬನ್.
ಎರಡೂ ಒಂದ ಪುಸ್ತಕಕ್ಕ ತಲಿ ಹಚ್ಚಿ ಓದತಾವ.
ಟೀಚರಿಗೆ ಹೇಳಿ ಜಾಗಾ ಬದಲಿಸಿದೆ.
ಸಿಂಚನಾ ಅಳಲಿಲ್ಲ. ಆವತ್ತ ಸಂಜಿಕ
ಬುತ್ತ್ಯಾಗಿನ ಶೇಂಗಾ ಹೋಳಿಗಿ
ಸರಿಯಾಗಿ ಅರ್ಧ ಮುರದದ್ದು ವಾಪಸ್ ಬಂದಿತ್ತು.

ನಿನ್ನೆ ಮಧ್ಯಾಹ್ನ ಕುಣ್ಯಾಗ ಕಾಲ ಬಿಟ್ಟು ನೇಯತಿದ್ದೆ.
ಲಾಳಿ ಆ ಕಡೆಯಿಂದ ಈ ಕಡೆ ಬರೂದ್ರೊಳಗ
ಎಡಗೈ ತಾನ ತಲಿಗೆ ಹೋತು.
ಕಂಡಿಕಿ ಸುತ್ತಾಕತ್ತಿದ್ದ ಮಗಳು ನೋಡಿದ್ಲು.
"ದಿನಾ ಹಿಂಗ ಕೆರಕೋತಿ ನೀ."
"ಬೆವರವಾ."
"ಬಾ ಇಲ್ಲೆ."

ಕಟ್ಟಿ ಮ್ಯಾಲೆ ಆಕಿ, ಕೆಳಗ ಮೆಟ್ಟಲಕ್ಕ ನಾ.
ತುರುಬು ಬಿಚ್ಚಿದ್ಲು.
ನಮ್ಮವ್ವ ಸತ್ತು ಹನ್ನೊಂದು ವರ್ಷ,
ಅಲ್ಲಿಂದ ಈ ತಲಿ ಯಾರೂ ಮುಟ್ಟಿಲ್ಲ.
ಸಣ್ಣ ಬೆರಳು ಬೈತಲಿ ಹಿಡದು ನಡದುವು,
ನಿಂತುವು, ಮತ್ತ ನಡದುವು.
ಹಾಳಿ ಮ್ಯಾಲೆ ಸೀರ್ಹಣಿಗಿ ಜಾಡಿಸಿದ ಸಪ್ಪಳ.
"ಒಂದು ದೊಡ್ಡದೈತಿ. ಎರಡು. ತಡಿ... ಒಂಬತ್ತು."
ನಾ ಏಳಾಕ ಹೋದೆ.
"ಸುಮ್ಮ ಕುಂಡ್ರು," ಅಂದ್ಲು.

ರಾತ್ರಿ ಒಂದ ಹಾಸಿಗಿ, ಒಂದ ಕೌದಿ,
ನನ್ನ ರಟ್ಟಿ ಮ್ಯಾಲೆ ಆಕಿ ತಲಿ.
ವಾರವೆಲ್ಲಾ ನಾನ ಕೊಟ್ಟು
ಆಯ್ತವಾರಕ್ಕೊಮ್ಮೆ ನಾನ ವಸೂಲಿ ಮಾಡೀನಿ.

ಇವತ್ತ ಮುಂಜಾನೆ ಎರಡು ಜಡಿ ಬಿಗದು ಹೆಣದು
ಟೀಚರಿಗೆ ಚೀಟಿ ಬರದೆ, ಸೊಟ್ಟ ಅಕ್ಷರದಾಗ:
ಸಿಂಚನಾನ ಮೊದಲಿನ ಜಾಗಾದಾಗ ಕುಂಡ್ರಸ್ರಿ.
ಯಾಕಂತ ಬರೀಲಿಲ್ಲ.
ಬುತ್ತ್ಯಾಗ ಎರಡು ಹೋಳಿಗಿ ಇಟ್ಟೆ, ಕೇಳಲಿಲ್ಲ ಆಕಿ.
ಸೀರ್ಹಣಿಗಿ ಒಲಿ ಮ್ಯಾಲೆ ಕುದ್ಯಾಕತ್ತೈತಿ.
ಅತ್ತಿ ಮಾತ್ರ ಸೆರಗ ತಲಿ ಮ್ಯಾಲೆ ಬಿಗಿ ಹಿಡದು
ಮೂಲ್ಯಾಗ ಕುಂತಾಳ,
ತನ್ನ ತಲ್ಯಾಗ ಏನೂ ಇಲ್ಲಂತ.