ತೂಗುಮಂಚ

ಬಂಬ್ರಾಣದ ಬಯಲು ದಾಟಿ ಭೂತಸ್ಥಾನಕ್ಕೆ ಬಂದೆ,
ಕೈಯಲ್ಲಿ ನೋಟುಪುಸ್ತಕ, ಅದರ ತುಂಬ ಪ್ರಶ್ನೆ.
ಐತ್ತಪ್ಪ ಬೆಳ್ಚಪ್ಪಾಡರು ಚೆಂಬು ನೀಡಿ
'ಮೊದಲು ಕಾಲು ತೊಳೀರಿ' ಅಂದರು.

ಹೊಸ್ತಿಲಿಂದ ಇಣುಕಿದೆ. ವಿಗ್ರಹವಿಲ್ಲ.
ಒಂದು ಕಡ್ತಲೆ, ಒಂದು ಗಂಟೆ,
ನಾಲ್ಕು ಸರಪಳಿಗೆ ತೂಗುವ ಮಂಚ,
ಮೇಲೆ ಆಗಷ್ಟೇ ಕೊಡವಿ ಹಾಸಿದ ಬಿಳಿ ಮುಂಡು.

'ಯಾರು ಮಲಗುವುದು?'

ಬತ್ತಿ ಹೊಸೆಯುತ್ತ ಅವರು
ಕುಂಬಳೆಯ ರೈಲಿನ ಸದ್ದು ಅಡಗುವವರೆಗೆ ಕಾದರು.

'ನನಗೆ ಏಳು ವರ್ಷವಿರಬೇಕು.
ಎಂಥಾ ಸೆಕೆ! ಯಾರೂ ಇಲ್ಲವೆಂದು ಹತ್ತಿ ಮಲಗಿದೆ,
ನಿದ್ದೆಯೂ ಬಂತು.
ಕಣ್ಣು ಬಿಟ್ಟರೆ ದೀಪದ ಹೊತ್ತು.
ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ.
ಬಯ್ಯಲಿಲ್ಲ, ಎಬ್ಬಿಸಲೂ ಇಲ್ಲ.
ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಾಳೆ.'

'ನಿಮಗೋ?'

'ಅದನ್ನು ಆಗಲೇ ಕೇಳಬೇಕಿತ್ತು.
ಅವಳು ಹೋಗಿ ನಲವತ್ತು ವರ್ಷ.
ದಿನಾ ಈ ಹೊತ್ತಿಗೆ ನಾನೂ ಬೀಸುತ್ತೇನೆ.'

ಎಣ್ಣೆ ತರಲೆಂದು ಅವರು ಹಿತ್ತಿಲಿಗೆ ಹೋದರು.
ಎಲೆ ಅಲುಗುತ್ತಿರಲಿಲ್ಲ.
ಮಂಚದ ಹತ್ತಿರ ಹೋಗುವ ಹಕ್ಕು ನನಗಿಲ್ಲ.
ಹೊಸ್ತಿಲ ಈಚೆಯೇ ನಿಂತು,
ಬಿಚ್ಚದ ನೋಟುಪುಸ್ತಕದಿಂದ,
ಯಾರೂ ನೋಡುತ್ತಿಲ್ಲವಲ್ಲ ಎಂದು ತಿರುಗಿ ನೋಡಿ,
ಎರಡು ಸಲ ಬೀಸಿದೆ.