ಮೊತ್ತದ ಕಾಲಮ್ಮು

ಸಭೆಯ ರಿಜಿಸ್ಟರಿನಲ್ಲಿ ನಾಲ್ಕು ಕಾಲಮ್ಮು:
ಹೆಸರು, ತಾರೀಖು, ರಸೀದಿ ನಂಬರು, ಮೊತ್ತ.
ಕಲಬುರಗಿ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ
ಟಿಕೆಟಿನ ಲೆಕ್ಕ ಬರೆದ ಕೈ ಇದು,
ಒಮ್ಮೆಯೂ ಗೆರೆ ದಾಟಿದ್ದಿಲ್ಲ.

ಆ ಭಾನುವಾರ ಅಯ್ಯನವರು ತಲಾಂತಿನ ಸಾಮ್ಯ ಓದಿದರು.
ಐದು ಪಡೆದವನು, ಎರಡು ಪಡೆದವನು,
ಸಿಕ್ಕ ಒಂದನ್ನೂ ಮಣ್ಣಲ್ಲಿ ಹೂತಿಟ್ಟು ಬಂದವನು.
ತಲೆಯ ಮೇಲೆ ತಗಡು ಸೋರುತ್ತಿತ್ತು,
ಪಾಠ ಅದಕ್ಕೇ ಎಂದು ಮಕ್ಕಳಿಗೂ ಗೊತ್ತಿತ್ತು.

ಆರಾಧನೆ ಮುಗಿದು ನನ್ನ ಮೇಜಿನ ಮುಂದೆ ಸಾಲು.
ಗೌಂಡಿ ಯೋನಪ್ಪ ಎಂಟು ದಿನದ ಕೆಲಸ ಬರೆಸಿದ;
ಕೂಲಿಗೆ ಗುಣಿಸಿ ಆರು ಸಾವಿರದ ನಾನೂರು ಎಂದು ಬರೆದುಕೊಂಡೆ.
ನರ್ಸ್ ಸುಗುಣಾ ಅರ್ಧ ಸಂಬಳ.
ರಾಹೇಲಮ್ಮ ಎರಡು ಕೋಳಿ, ಹರಾಜಿಗೆ.

ಕೊನೆಗೆ ಲೇಯವ್ವ.
ಕಪನೂರಿನ ಬ್ಯಾಳಿ ಮಿಲ್ಲಿನಲ್ಲಿ
ಹತ್ತೊಂಬತ್ತು ವರ್ಷ ತೊಗರಿ ಆರಿಸಿದವಳು.
ಆಮೇಲೆ ಕ್ಯಾಮೆರಾ ಇರುವ ಮಷೀನು ಬಂತು,
ಕರಿ ಕಾಳು ಕಂಡರೆ ಉಫ್ ಎಂದು ಗಾಳಿ ಊದಿ ಹಾರಿಸುತ್ತದಂತೆ.
ಅವಳನ್ನೂ ಹಾಗೇ ಹಾರಿಸಿತು.

“ನನ್ನ ಹೆಸರ ಬರಿ ಅಣ್ಣಾ.”
“ಎಷ್ಟು?”
“ಕಣ್ಣು.”
ನಕ್ಕೆ. “ಎರಡು ಅಂತ ಬರೀಲೇನು?”
“ಎಡಗಣ್ಣು ಜರಾ ಮಂಜು.
ಒಂದೂವರಿ ಅಂತ ಬರಿ.”

ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟೆ.

ಅಂದಿನಿಂದ ಪ್ರತಿ ಭಾನುವಾರ
ಬಾಗಿಲ ಬಳಿಯ ಜಮಖಾನದ ತುದಿಯಲ್ಲಿ ಕೂತು,
ಆಶೀರ್ವಾದ ಮುಗಿಯುತ್ತಲೇ ನನ್ನ ಮೇಜಿಗೆ ಬರತೊಡಗಿದಳು:

“ಮೂರನೇ ಸಾಲಿನ ಹಸಿರು ಸೀರಿಯಾಕಿ ಉಗುರಿನಾಗ ಹಿಟ್ಟಿಲ್ಲ.
ಎರಡು ದಿನ ಆತು, ಒಲಿ ಹಚ್ಚಿಲ್ಲ.”

“ಹೊರಗ ಒಂದು ಜೋಡು ಚಪ್ಪಲಿ ಅದ,
ಎಡಗಾಲಿಂದು ಬ್ಯಾರೆ, ಬಲಗಾಲಿಂದು ಬ್ಯಾರೆ.
ಕಂಬದ ಹಿಂದ ಕುಂತ ಹುಡುಗಂದು.
ವಾಡಿ ಕಡಿಯಿಂದ ಬಂದಾನ,
ಯಾರೂ ಹೆಸರ ಕೇಳಿಲ್ಲ.”

“ತಾಮಸಪ್ಪ ಕೀರ್ತನಿ ಪುಸ್ತಕ ತಲಿಕೆಳಗ ಹಿಡದಾನ.
ಕಾಣವಲ್ದು ಅವಗ. ಹೇಳಾಕ ನಾಚಿಕಿ.”

ಸುಗುಣಾ ತಾಮಸಪ್ಪನನ್ನು ಆಸ್ಪತ್ರೆಗೆ ಕರೆದೊಯ್ದಳು.
ಹುಡುಗನನ್ನು ಯೋನಪ್ಪ ತಗಡಿನ ಕೆಲಸಕ್ಕೆ ಹಚ್ಚಿಕೊಂಡ.
ಕೋಳಿ ಹರಾಜಿಗೆ ಬರಲಿಲ್ಲ;
ಒಂದು, ಹಸಿರು ಸೀರೆಯವಳ ಅಂಗಳದಲ್ಲಿ ಮೊಟ್ಟೆ ಇಟ್ಟಿತು.

“ಮಿಲ್ಲಿನಾಗ ಬ್ಯಾರೆ ಕಂಡದ್ದು ಹೆಕ್ಕಿ ಹೊರಗ ಒಗಿತಿದ್ದೆ,” ಎಂದಳೊಮ್ಮೆ,
“ಈಗ ಹೆಕ್ಕೂದಷ್ಟ.”

ಕರ್ತನ ಭೋಜನದ ಭಾನುವಾರ. ಮೇಜಿಗೆ ಬಂದಳು.
ಯಾರು, ಎಂದು ಕೇಳುತ್ತಲೇ ಪೆನ್ನು ತೆಗೆದೆ.
“ನೀನs.
ಮೂರು ತಿಂಗಳಾತು, ರೊಟ್ಟಿ ಬಟ್ಟಲ ಮುಟ್ಟಿಲ್ಲ.
ಎಲ್ಲಾರೂ ಮೊಣಕಾಲೂರಿದಾಗ ಇಲ್ಲಿ ಚಿಲ್ಲರಿ ಎಣಸ್ತಿ.
ಎಣಿಸಿದ್ದನ್ನ ಎಣಸ್ತಿ.”

ಹುಮನಾಬಾದ್ ರಸ್ತೆಯ ಪ್ಲಾಟು,
ತಮ್ಮನಿಗೂ ನನಗೂ ನಡುವೆ ಎದ್ದ ಕಾಂಪೌಂಡು,
ಅವನ ಕಡೆಗೆ ನಾನು ಒತ್ತಿದ ಒಂದೂಕಾಲು ಅಡಿ.
ಯಾರಿಗೂ ಹೇಳಿರಲಿಲ್ಲ.
ಮಣ್ಣಲ್ಲಿ ಹೂತಿಡುವುದು
ಬಂಗಾರವೇ ಆಗಬೇಕೆಂದಿಲ್ಲ.

ರಾತ್ರಿ ರಿಜಿಸ್ಟರು ತೆರೆದೆ.
ಲೇಯವ್ವ. ತಾರೀಖು. ರಸೀದಿ ಇಲ್ಲ.
ಮೊತ್ತದ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು,
ಆಮೇಲೆ ‘ಒಂದೂವರೆ’ ಎಂದು ಅಕ್ಷರದಲ್ಲಿ ಬರೆದೆ.
ಕೆಳಗಿನ ಕೂಡಿಕೆ ತಾಳೆಯಾಗಲಿಲ್ಲ.
ಮಾರ್ಚಿಯಲ್ಲಿ ಆಡಿಟರು ಕೇಳುತ್ತಾರೆ,
ಕೇಳಲಿ.

ಕ್ರಿಸ್ಮಸ್ ಊಟಕ್ಕೆ ಅರವತ್ತು ಕಿಲೋ ಅಕ್ಕಿ
ಒಬ್ಬಳೇ ಕೂತು ಹಸನು ಮಾಡಿದಳು.
ಸೋರದ ತಗಡಿನ ಕೆಳಗೆ ಉದ್ದ ಪಂಕ್ತಿ.
ಎದುರಿನ ಸಾಲಿನಲ್ಲಿ ತಮ್ಮ;
ನೋಡಿಯೂ ನೋಡದ ಹಾಗೆ ಉಪ್ಪು ದಾಟಿಸಿದ.
ಮೊದಲ ತುತ್ತಿಗೇ ನನ್ನ ದವಡೆಗೆ
ಕಟಕ್ ಎಂದು ಒಂದು ಹರಳು.

ಸಾಂಬಾರಿನ ಬಕೆಟ್ಟು ಹಿಡಿದು ನಿಂತಿದ್ದ ಲೇಯವ್ವ
ನನ್ನ ಮುಖ ನೋಡಿಯೇ ನಕ್ಕಳು:
“ಒಂದು ಉಳೀತದ ಅಣ್ಣಾ.
ಅದು ಎಡಗಣ್ಣಿಂದು.”