ಕಳ್ಳನೂಲು

ಕೂತುಕೊಳ್ಳಿ ಪಾದ್ರಿಗಳೇ. ಆ ಕುರ್ಚಿ ಬೇಡ, ಕಾಲು ಅಲುಗುತ್ತದೆ.
ಕಲ್ಲಿಗೆ ಏನು ಕೆತ್ತಿಸಲಿ ಎಂದು ಕೇಳಲು ಬಂದಿರಿ.
ಅಕ್ಷರಕ್ಕೆ ಎರಡು ಪೆನ್ನಿಯಂತೆ, ಕಲ್ಲುಕುಟಿಗ ಪೆಂಗೆಲಿ ಹೇಳಿದ.
ರಾಣಿಯ ನೌಕಾಪಡೆಯ ಕಮಾಂಡರ್, ಸೆಪ್ಟಿಮಸ್ ಹಾಕಡೇ,
ಹುಟ್ಟಿದ್ದು ಸತ್ತಿದ್ದು ಎರಡು ಇಸವಿ,
ಇಷ್ಟು ಸಾಕೆನ್ನುತ್ತದೆ ನಿಮ್ಮ ಚೀಟಿ.
ನನಗೆ ಸಾಲದು.

ಸೆಪ್ಟಿಮಸ್ ಅಂದರೆ ಏಳನೆಯವನು; ನಿಮಗೆ ಲ್ಯಾಟಿನ್ ಗೊತ್ತು.
ಅಮ್ಮನಿಗೂ ಗೊತ್ತಿತ್ತು. ಬಡ ಪಾದ್ರಿಯ ಮಗಳು,
ಹಗ್ಗ ಹೊಸೆಯುವವನ ಕೈ ಹಿಡಿದು
ತವರಿನ ಬಾಗಿಲು ಮುಚ್ಚಿಸಿಕೊಂಡವಳು.
ತಂದದ್ದು ಆರು ಬೆಳ್ಳಿ ಚಮಚ, ಒಂದು ವ್ಯಾಕರಣದ ಪುಸ್ತಕ.
ಏಳು ಹೆತ್ತಳು.
ಮೇಜಿನ ಮೇಲೆ ಮಕ್ಕಳ ತಟ್ಟೆ ಮೂರಕ್ಕೆ ಹೆಚ್ಚು
ಇಟ್ಟ ನೆನಪಿಲ್ಲ ನನಗೆ.

ಅಪ್ಪ ಜೊಸಾಯ. ಡೆವನ್‌ಪೋರ್ಟಿನ ಹಗ್ಗದ ಸಾಲೆ,
ಕಾಲು ಮೈಲಿ ಉದ್ದದ ಸೂರು.
ಸೊಂಟಕ್ಕೆ ಸೆಣಬಿನ ನಾರು ಸುತ್ತಿ, ಬೆರಳಲ್ಲಿ ಎಳೆ ಬಿಡುತ್ತ
ಹಿಂದೆ ಹಿಂದೆ ಹೆಜ್ಜೆ.
ದಿನಕ್ಕೆ ಹದಿನೆಂಟು ಮೈಲಿ ಬೆನ್ನು ಮುಂದಾಗಿ ನಡೆದವನು,
ಊರ ಗಡಿ ದಾಟದೆ ಭೂಮಿಯನ್ನು ಎಷ್ಟು ಸಲ ಸುತ್ತಿದನೋ.
ಎಲ್ಲಿಗೆ ಹೋಗುತ್ತಿದ್ದೇನೆಂದು ಎಂದೂ ಕಂಡವನಲ್ಲ;
ಎಲ್ಲಿಂದ ಬಂದೆನೆಂಬುದು ಮಾತ್ರ ಕಣ್ಣೆದುರು ನಿಚ್ಚಳ.

ಅರಸನ ಹಗ್ಗ ಕದ್ದು ಮಾರುವವರಿದ್ದರು. ಅದಕ್ಕೇ
ಪ್ರತಿ ಹುರಿಯ ಹೊಟ್ಟೆಯಲ್ಲಿ ಒಂದು ಬಣ್ಣದ ಎಳೆ.
ನಮ್ಮ ಕಟ್ಟೆಯದು ಕೆಂಪು. ಕಳ್ಳನೂಲು ಎನ್ನುತ್ತಿದ್ದರು.
ಮೇಲೆ ಎಷ್ಟೇ ಟಾರು ಬಳಿಯಿರಿ,
ಬಿಚ್ಚಿದರೆ ಸಿಕ್ಕಿಬೀಳುತ್ತದೆ.

ಹನ್ನೆರಡಕ್ಕೆ ತಮ್ಮ ಹಡಗು ಹತ್ತಿದ.
ಅಮ್ಮನ ದಾಯಾದಿಯದೊಂದು ಪತ್ರ, ಐದು ಚಮಚ ಮಾರಿದ ದುಡ್ಡು.
ನನ್ನ ಮದುವೆಗೆಂದು ಎತ್ತಿಟ್ಟ ಬಟ್ಟೆ ಅವನ ಅಂಗಿಗಳಾಯಿತು.
ಆರನೆಯ ಚಮಚ? ಇಗೋ, ನಿಮ್ಮ ಚಹಾದಲ್ಲಿದೆ.

ಅಧಿಕಾರಿಗಳ ಊಟದ ಕೋಣೆಯಲ್ಲಿ ಯಾರೋ ಕುಲ ಕೇಳಿದರಂತೆ.
'ಅಜ್ಜ ಪಾದ್ರಿ' ಎಂದನಂತೆ.
ಸುಳ್ಳೇನಲ್ಲ. ಅಪ್ಪನ ತಲೆಯ ಮೇಲಿಂದ
ಅಜ್ಜನ ಹೆಗಲಿಗೆ ನೆಗೆದ, ಅಷ್ಟೆ.
ನಾಲಿಗೆಯನ್ನೂ ತಿಕ್ಕಿ ತೊಳೆದುಕೊಂಡ; ನಮ್ಮ ಕಡೆಯ ರಾಗ
ಜ್ವರ ಬಂದಾಗ ಮಾತ್ರ ಬಾಯಿಗೆ ಬರುತ್ತಿತ್ತು.

ಲೆಫ್ಟಿನೆಂಟ್ ಆಗಿ ಒಮ್ಮೆ ಬಂದ, ಹೆಗಲಿಗೆ ಚಿನ್ನದ ಕುಚ್ಚು.
ಅಪ್ಪ ಎದ್ದು ನಿಂತ. ಮಗನಿಗೆ ಎದ್ದು ನಿಂತ!
ಟಾರಿನ ಬೆರಳು ಚಲ್ಲಣಕ್ಕೊರಸಿ, ಕುಚ್ಚಿನ ಒಂದೆಳೆ ಹಿಡಿದು
'ತಿರುವು ಸಡಿಲ' ಎಂದ.
ಆಮೇಲೆ ಇಬ್ಬರೂ ಗಾಳಿ ಮಳೆಯ ಮಾತಾಡಿದರು.

ಮುಂದಿನದು ಗೆಜೆಟ್ಟಿನಲ್ಲಿದೆ:
ಗಿನಿ ತೀರ, ಗುಲಾಮರ ಹಡಗು ಹಿಡಿದದ್ದು, ಬಡ್ತಿ.
ಅದರಲ್ಲಿಲ್ಲದ್ದು ನನ್ನ ಪೆಟ್ಟಿಗೆಯಲ್ಲಿದೆ, ಒಂದೇ ಹಾಳೆ:
'ಕೆಜಾಯ, ರಾತ್ರಿಯಿಡೀ ಬಿರುಗಾಳಿ. ಹಾಯಿಮರಕ್ಕೆ ನನ್ನನ್ನು ಬಿಗಿದಿದ್ದರು.
ಬೆಳಗಾಗುವಷ್ಟರಲ್ಲಿ ಹಗ್ಗ ತೇದು ತೇದು
ಕೆಂಪು ಎಳೆ ಕಾಣುತ್ತಿತ್ತು.'
ಅಷ್ಟೇ. ಸಹಿಯೂ ಇಲ್ಲ.
ಅಪ್ಪ ತೀರಿ ಆಗ ಎರಡು ವರ್ಷ.
ಆ ಹಗ್ಗ ಅಪ್ಪನದೇ ಎಂದು ನಾನೂ ಹೇಳುವುದಿಲ್ಲ, ಪಾದ್ರಿಗಳೇ;
ಆ ಸಾಲೆಯಲ್ಲಿ ಇನ್ನೂರು ಜನ ಹೊಸೆಯುತ್ತಿದ್ದರು.

ಆಮೇಲೆ ಅರ್ಧ ಸಂಬಳ, ಬಿಟ್ಟು ಬಿಟ್ಟು ಬರುವ ಜ್ವರ,
ಈ ಮೇಲಿನ ಕೋಣೆ, ಹನ್ನೊಂದು ವರ್ಷ.
ಹೋದ ಚಳಿಗಾಲ ಒಂದು ಹಿಡಿ ಸೆಣಬು ತರಿಸಿಕೊಂಡ.
ಸೊಂಟಕ್ಕೆ ಸುತ್ತಿ, ಕಿಟಕಿಯಿಂದ ಬಾಗಿಲಿಗೆ
ಹಿಂದೆ ಹಿಂದೆ ನಡೆದ.
ಎಳೆ ಬರಲಿಲ್ಲ. ತುಂಡು ತುಂಡು.
ಕಡಲಿನ ಆಳ ಅಳೆದ ಕೈಗೆ ಇದು ಒಲಿಯಲಿಲ್ಲ.
ಬೈದ. ನಮ್ಮ ಕಡೆಯ ರಾಗದಲ್ಲೇ ಬೈದ.
ಹಣೆ ಮುಟ್ಟಿ ನೋಡಿದೆ,
ಜ್ವರ ಇರಲಿಲ್ಲ.

ಬರೆದುಕೊಳ್ಳಿ. ಕಮಾಂಡರ್ ಇರಲಿ, ಇಸವಿ ಇರಲಿ.
ಕೆಳಗೆ, 'ಹಗ್ಗ ಹೊಸೆಯುವ ಜೊಸಾಯ ಹಾಕಡೇಯ ಮಗ.'
ಪೆಂಗೆಲಿಯ ಲೆಕ್ಕಕ್ಕೆ ನಾಲ್ಕು ಶಿಲಿಂಗು ಎಂಟು ಪೆನ್ನಿ ಮೇಲಾಗುತ್ತದೆ,
ಬೆರಳು ಮಡಿಸಿ ಎಣಿಸಿದ್ದೇನೆ.
ಚಹಾ ಮುಗಿಸಿ.
ಚಮಚ ತೊಳೆದು ಕೊಡುತ್ತೇನೆ, ಅವನಿಗೆ ತಲುಪಿಸಿಬಿಡಿ.